ಬೈಕ್ ಮೇಲೆ ಮೊರದ ಬಾಗಿನ

ಉತ್ತರ ಕೆರೊಲಿನಾದ ನಮ್ಮ ಊರು ಕ್ಯಾರಿಯಿಂದ ಹೊರಟರೆ ಎರಡೂವರೆ ಗಂಟೆಯಲ್ಲಿ ಮರುಭೂಮಿ ಸೇರಬಹುದು ಎಂದರೆ ಯಾರೂ ನಂಬುವುದಿಲ್ಲ. ನನ್ನ ಗಂಡನಂತೂ ಇವತ್ತಿಗೂ ನಂಬಿಲ್ಲ. ಅವರ ಪ್ರಕಾರ ಮರುಭೂಮಿ ಎಂದರೆ ಅರಿಜೋನಾ, ನೆವಾಡ. ವಿಮಾನ ಹತ್ತಿ ಹೋಗಬೇಕು, ಒಂಟೆ ಇಲ್ಲದಿದ್ದರೂ ಬಂಡೆಯ ಮೇಲೆ ಒಂದು ಹಲ್ಲಿಯಾದರೂ ಕೂತಿರಬೇಕು. ನಾನು ಕಂಡುಹಿಡಿದ ಮರುಭೂಮಿಗೆ ಅಷ್ಟೆಲ್ಲ ಬೇಡ. ನಮ್ಮ ಮನೆಯ ಹತ್ತಿರವೇ ಹಾದುಹೋಗುವ ಯು.ಎಸ್. ಒನ್ ಎಂಬ ಹಳೆಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ತಿರುಗಿದರೆ ಸಾಕು.

ದೊಡ್ಡ ಇಂಟರ್‌ಸ್ಟೇಟ್‌ಗಳು ಬರುವ ಮೊದಲು ಇಡೀ ಪೂರ್ವ ಕರಾವಳಿ ಓಡಾಡುತ್ತಿದ್ದದ್ದು ಈ ರಸ್ತೆಯಲ್ಲೇ. ವಾಷಿಂಗ್ಟನ್ ಕಡೆಯಿಂದ ಇಳಿದು ಬಂದು, ಎರಡೂ ಕೆರೊಲಿನಾಗಳನ್ನು ದಾಟಿ, ಜಾರ್ಜಿಯಾದೊಳಗೆ ನುಗ್ಗುತ್ತದೆ. ನಡುವೆ ಒಂದು ಕಡೆ ನೆಲ ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ. ಒಂದಾನೊಂದು ಕಾಲದಲ್ಲಿ ಅಲ್ಲಿ ಸಮುದ್ರದ ದಡವಿತ್ತಂತೆ. ಸಮುದ್ರ ಹಿಂದೆ ಸರಿಯಿತು, ಮರಳು ಉಳಿಯಿತು, ಗಾಳಿ ಅದನ್ನು ಗುಡ್ಡೆ ಹಾಕಿತು. ಸ್ಯಾಂಡ್‌ಹಿಲ್ಸ್ ಎಂದು ಕರೆಯುತ್ತಾರೆ. ಪೈನ್ ಮರಗಳಿವೆ, ಒಪ್ಪಿದೆ. ಆದರೆ ಮರದ ಬುಡದಲ್ಲಿ ಹಿಟ್ಟಿನಂಥ ಮರಳಿದೆ, ಮರಳಿನಲ್ಲಿ ಪಾಪಸ್‌ಕಳ್ಳಿ ಇದೆ. ಮರಳೂ ಇದ್ದು ಕಳ್ಳಿಯೂ ಇದ್ದ ಮೇಲೆ ಅದು ಮರುಭೂಮಿಯಲ್ಲ ಎನ್ನಲು ಇವರು ಯಾರು?

ನನಗೆ ಈ ಹುಚ್ಚು ಹಿಡಿದದ್ದು ಕೋವಿಡ್ ಬಂದ ಮರುವರ್ಷ. ಜಿಮ್ ಇಲ್ಲ, ದೇವಸ್ಥಾನ ಇಲ್ಲ, ಕನ್ನಡ ಸಂಘದ ಪಾಟ್‌ಲಕ್ ಊಟ ಕೂಡ ಇಲ್ಲ. ಊರಲ್ಲಿ ತೆರೆದ ಬಯಲಲ್ಲಿ ನಡೆಯುತ್ತಿದ್ದ ಒಂದೇ ತರಗತಿ ಮೋಟರ್‌ಸೈಕಲ್ ಓಡಿಸುವುದನ್ನು ಕಲಿಸುವುದಾಗಿತ್ತು. ಹೋಗಿ ಹೆಸರು ಕೊಟ್ಟೆ. ನಲವತ್ತನಾಲ್ಕು ವರ್ಷದ, ಆಫೀಸಿನಲ್ಲಿ ದಿನವಿಡೀ ಬೇರೆಯವರ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಹೆಂಗಸು, ಎರಡು ದಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳ ಸುತ್ತ ಗಿರಕಿ ಹೊಡೆದು ಲೈಸೆನ್ಸ್ ತೆಗೆದುಕೊಂಡಳು. ಮೈಸೂರಿನಲ್ಲಿ ಕಾಲೇಜಿಗೆ ಮೊಪೆಡ್ ಓಡಿಸಿದ ಮೇಲೆ ಹೊಟ್ಟೆಯೊಳಗೆ ಅಂಥ ಕಚಗುಳಿ ಎದ್ದದ್ದು ಅವತ್ತೇ. ನಂತರ ಒಂದು ಮುನ್ನೂರು ಸಿಸಿಯ ಸೆಕೆಂಡ್ ಹ್ಯಾಂಡ್ ಬೈಕ್ ಮನೆಗೆ ಬಂತು. ನನ್ನ ಗಂಡ ಅದಕ್ಕೆ ಆಯುಧಪೂಜೆ ಮಾಡಿ, ಕುಂಕುಮ ಹಚ್ಚಿ, ಗ್ಯಾರೇಜಿನ ಮೂಲೆಯಲ್ಲಿ ದೇವರ ಹಾಗೆ ನಿಲ್ಲಿಸಿ, ಇದು ಇಲ್ಲೇ ಇದ್ದರೆ ಎಲ್ಲರಿಗೂ ಕ್ಷೇಮ ಎಂಬ ಮುಖ ಮಾಡಿದರು. ನಾನು ಅದನ್ನು ಹೊರಗೆ ತೆಗೆಯಲು ಒಂದು ಘನವಾದ ಕಾರಣಕ್ಕಾಗಿ ಕಾಯುತ್ತಿದ್ದೆ. ಕಾರಣ ಅಕ್ಕನ ರೂಪದಲ್ಲಿ ಬಂತು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಫಾರ್ಮಸಿಸ್ಟ್. ಔಷಧಿಯ ಡೋಸ್ ಹೇಗೋ ಹಬ್ಬದ ಶಾಸ್ತ್ರವೂ ಅವಳಿಗೆ ಹಾಗೆಯೇ, ಒಂದು ಗುಂಜಿ ಆಚೀಚೆ ಆಗಬಾರದು. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಬೇಕಲ್ಲ, ಅದು ಅವಳಿಗೆ ತಪ್ಪದೆ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳು ತುಮಕೂರಿನಲ್ಲಿದ್ದಾಗ ಅಪ್ಪ ಮೊರದ ಜೊತೆಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದರು. ಅವಳು ಅಮೆರಿಕಕ್ಕೆ ಬಂದ ಮೇಲೂ ಬಿಡಲಿಲ್ಲ. ಮೈಸೂರಿನಿಂದ ಯಾರು ಹೊರಟರೂ, ಮುಖ ಪರಿಚಯವಿಲ್ಲದಿದ್ದರೂ, ಅವರ ಸೂಟ್‌ಕೇಸಿನಲ್ಲಿ ಒಂದು ಜೊತೆ ಮೊರ ತುರುಕಿ ಕಳಿಸುತ್ತಿದ್ದರು. ಎಷ್ಟೋ ಜನ ಹೊಸ ಕೆಲಸಕ್ಕೆ ಬಂದ ಹುಡುಗರು ಏರ್‌ಪೋರ್ಟಿನಲ್ಲಿ ನಿಂತು, ಇದು ಬಿದಿರು, ಇದು ಅರಿಶಿನ, ಇದು ನನ್ನದಲ್ಲ ಎಂದು ವಿವರಣೆ ಕೊಟ್ಟಿದ್ದಾರೆ.

ಅಪ್ಪ ಹೋದದ್ದು ಎರಡನೆಯ ಅಲೆಯಲ್ಲಿ. ನಮ್ಮಿಬ್ಬರಿಗೂ ಹೋಗಲಾಗಲಿಲ್ಲ. ಅಮ್ಮ ಮೊದಲೇ ಹೋಗಿದ್ದಳು, ಅಣ್ಣತಮ್ಮಂದಿರು ನಮಗಿಲ್ಲ. ಆ ವರ್ಷ ಗೌರಿ ಹಬ್ಬದ ದಿನ ಅಕ್ಕ ಫೋನ್ ಎತ್ತಲಿಲ್ಲ. ಮರುವರ್ಷವೂ ಎತ್ತಲಿಲ್ಲ. ಸಂಜೆ ‘ಹಬ್ಬ ಆಯ್ತು’ ಎಂದು ಎರಡೇ ಪದದ ಮೆಸೇಜ್ ಬರುತ್ತಿತ್ತು. ಮೂರನೆಯ ವರ್ಷ ನಾನೇ ಹಬ್ಬಕ್ಕೆ ಎರಡು ವಾರ ಮುಂಚೆ ಫೋನ್ ಮಾಡಿ, ಬಾಗಿನ ನಾನು ತರುತ್ತೇನೆ ಎಂದೆ.

‘ನೀನು ತಂದ್ರೆ ಅದು ಬಾಗಿನ ಆಗಲ್ಲ ಕಣೆ, ತಂಗಿ ಕೊಟ್ಟ ಗಿಫ್ಟ್ ಆಗುತ್ತೆ,’ ಎಂದಳು.

‘ಯಾಕೆ?’

‘ಯಾಕೆ ಅಂದ್ರೆ? ತವರು ಅಂದ್ರೆ ಅಪ್ಪನ ಮನೆ. ನೀನೂ ನನ್ನ ಹಾಗೇ ಆ ಮನೆಯಿಂದ ಕೊಟ್ಟ ಹೆಣ್ಣು. ಕೊಟ್ಟ ಹೆಣ್ಣು ಇನ್ನೊಬ್ಬಳಿಗೆ ತವರಾಗ್ತಾಳಾ? ತವರು ಮುಗೀತು, ಬಿಡು. ಬರೋದಾದ್ರೆ ಬಾ, ಊಟ ಮಾಡ್ಕೊಂಡು ಹೋಗು. ಬಾಗಿನ ಮಾತ್ರ ತರ್ಬೇಡ.’

ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬಂತು. ಅವಳ ತವರು ಮುಗಿದರೆ ನನ್ನದೂ ಮುಗಿದ ಹಾಗೆಯೇ ಅಲ್ಲವೇ? ನನ್ನನ್ನು ಒಂದು ಮಾತೂ ಕೇಳದೆ ಇವಳು ನನ್ನ ತವರಿಗೂ ಬೀಗ ಹಾಕಿಬಿಟ್ಟಳಲ್ಲ ಎನಿಸಿತು. ಅವಳು ಕೈಯೊಡ್ಡಿ ಆ ಮೊರ ತೆಗೆದುಕೊಳ್ಳಲೇಬೇಕು ಎಂದು ಅವತ್ತೇ ಹಟ ಹಿಡಿದೆ. ಗ್ಯಾರೇಜಿಗೆ ಹೋಗಿ ಬೈಕಿನ ಮೇಲಿನ ಧೂಳು ಒರೆಸಿದೆ. ಸಿಟ್ಟು ನಿಜ, ಆದರೆ ಒರೆಸುವಾಗ ಶಿಳ್ಳೆ ಹೊಡೆಯುತ್ತಿದ್ದದ್ದೂ ನಿಜ.

ಮೊರ ಸಿಕ್ಕಿದ್ದು ಕ್ಲಾರ್ಕ್ಸ್‌ಬರ್ಗ್ ಎಂಬ ಊರಿನಲ್ಲಿರುವ ಗೆಳತಿಯಿಂದ. ಅವಳು ರಜೆಗೆ ಊರಿಗೆ ಹೋದಾಗ ಎರಡು ಜೊತೆ ತಂದಿದ್ದಳು, ಒಂದು ಜೊತೆಯನ್ನು ನನಗೆ ಕಳಿಸಿದಳು. ಅರಿಶಿನ, ಕುಂಕುಮ, ಹಸಿರು ಗಾಜಿನ ಬಳೆ, ಬಾಚಣಿಗೆ, ಪುಟ್ಟ ಕನ್ನಡಿ, ಕೆಂಪು ರವಿಕೆ ಕಣ, ತೆಂಗಿನಕಾಯಿ, ಬೆಲ್ಲದಚ್ಚು, ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಎಲ್ಲ ಜೋಡಿಸಿದೆ. ಪ್ಲಾಸ್ಟಿಕ್ ಚೀಲ ಹಾಕಿದರೆ ಅಕ್ಕ ಅದನ್ನೇ ನೆಪ ಮಾಡುತ್ತಾಳೆಂದು ಅಪ್ಪ ಮಾಡುತ್ತಿದ್ದ ಹಾಗೆ ಕಾಗದದ ಪೊಟ್ಟಣ ಕಟ್ಟಿದೆ. ಆಫೀಸಿನ ಪ್ರಿಂಟರ್ ಕಾಗದ ಪೊಟ್ಟಣಕ್ಕೆ ಹೇಳಿ ಮಾಡಿಸಿದ್ದಲ್ಲ ಎಂಬುದು ಆಮೇಲೆ ತಿಳಿಯಿತು. ಬಳೆಗಳನ್ನು ಮಾತ್ರ ಮಗಳ ದಪ್ಪ ಸಾಕ್ಸ್‌ನಲ್ಲಿ ಸುತ್ತಿ ಟ್ಯಾಂಕಿನ ಮೇಲಿನ ಚೀಲದಲ್ಲಿಟ್ಟೆ. ಒಂದು ಮೊರದ ಮೇಲೆ ಇನ್ನೊಂದನ್ನು ಕವುಚಿ, ಅರಿಶಿನದ ದಾರ ಕಟ್ಟಿ, ಹಿಂದಿನ ಸೀಟಿನ ಮೇಲಿಟ್ಟು, ಕೊಕ್ಕೆಗಳಿರುವ ರಬ್ಬರ್ ಬಲೆ ಎಳೆದೆ.

ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ದಾಖಲಿಸಬೇಕು. ಮೊರಕ್ಕೆ ಮೂರು ಕಡೆ ಗೋಡೆ, ಒಂದು ಕಡೆ ಬಾಯಿ. ಬಾಯಿಯನ್ನು ಹಿಂದಕ್ಕೆ ಮಾಡಿ ಕಟ್ಟಿದ್ದರೆ ಗಾಳಿ ಒಳಗೆ ನುಗ್ಗುತ್ತಿರಲಿಲ್ಲ. ಆದರೆ ಗೌರಿಯ ಬಾಗಿನ ಬೆನ್ನು ಮಾಡಿಕೊಂಡು ಅಕ್ಕನ ಮನೆಗೆ ಹೋಗುವುದೇ? ಶುಭಕಾರ್ಯಕ್ಕೆ ಹಿಂದುಮುಂದಾಗಿ ಹೋದರೆ ಏನು ಚೆಂದ? ಬಾಯಿಯನ್ನು ಮುಂದಕ್ಕೇ ಮಾಡಿದೆ. ಹೈಸ್ಕೂಲಿನಲ್ಲಿ ಫಿಸಿಕ್ಸ್ ಓದುವ ಮಗಳು ಗ್ಯಾರೇಜಿನ ಬಾಗಿಲಲ್ಲಿ ಸೀರಿಯಲ್ ತಿನ್ನುತ್ತ ನೋಡಿದಳು.

‘ಅಮ್ಮಾ, ದ್ಯಾಟ್ಸ್ ಲಿಟರಲಿ ಅ ಸ್ಕೂಪ್. ಗಾಳಿ ಒಳಗೆ ಹೋಗತ್ತೆ.’

‘ಹೋಗ್ಲಿ, ದೇವರು ಉಸಿರಾಡ್ಬೇಡ್ವಾ?’ ಎಂದೆ.

ಗಂಡ ಕಾಫಿ ಲೋಟ ಹಿಡಿದು ಹೊರಬಂದರು. ‘ಕಾರಲ್ಲಿ ಹೋಗೇ. ಏಳು ಗಂಟೇಲಿ ಆರಾಮಾಗಿ ತಲುಪ್ತೀಯ. ಬೇಕಿದ್ರೆ ನಾನೇ ಡ್ರೈವ್ ಮಾಡ್ತೀನಿ.’

‘ಏಳು ಗಂಟೇಲಿ ತಲುಪೋದಕ್ಕೆ ಯಾರಿಗೆ ಬೇಕಾಗಿದೆ ರೀ? ನಾನು ಎರಡು ದಿನ ಹೋಗ್ತೀನಿ.’

‘ಫೋನಲ್ಲಿ ಲೊಕೇಶನ್ ಆನ್ ಇಟ್ಟಿರು.’

‘ಇಟ್ಟಿದೀನಿ. ಚುಕ್ಕಿ ನೋಡ್ಕೊಂಡು ಕೂತಿರಿ.’

ಹಬ್ಬದ ಹಿಂದಿನ ದಿನ ಬೆಳಗ್ಗೆ ಹೊರಟೆ. ಮೊದಲ ಅರ್ಧ ಗಂಟೆ ಹೆಲ್ಮೆಟ್ಟಿನೊಳಗೆ ಸುಮ್ಮನೆ ನಗುತ್ತಿದ್ದೆ, ಕೆನ್ನೆ ನೋಯುವಷ್ಟು. ಯಾವ ಜೋಕೂ ಇರಲಿಲ್ಲ. ಆಮೇಲೆ ಹಾಡಲು ಶುರುಮಾಡಿದೆ, ಶ್ರುತಿಯ ಗೊಡವೆಯಿಲ್ಲದೆ. ಕಾರಿನಲ್ಲಿ ಕೂತಾಗ ಕೆರೊಲಿನಾಕ್ಕೆ ವಾಸನೆಯೇ ಇಲ್ಲ ಎಂದುಕೊಂಡಿದ್ದೆ. ಬೈಕಿನಲ್ಲಿ ಎಲ್ಲ ನೇರವಾಗಿ ಮೂಗಿಗೇ ಬರುತ್ತಿತ್ತು: ಕೊಯ್ದ ಹುಲ್ಲು, ಕೋಳಿ ಫಾರಂ, ಬಿಸಿ ಡಾಂಬರು, ಯಾರದೋ ಮನೆಯ ಹಂದಿಮಾಂಸದ ಹೊಗೆ, ಮತ್ತೆ ಪೈನ್. ಎದುರಿನಿಂದ ಬರುವ ಬೈಕಿನವರು ಎಡಗೈ ಕೆಳಗಿಳಿಸಿ ನಮಸ್ಕಾರ ಹೇಳುವರು. ಮೊದಲನೆಯವನಿಗೆ ಕೈ ಬಿಡಲು ಹೆದರಿ ತಲೆಯಾಡಿಸಿದೆ. ಹತ್ತನೆಯವನ ಹೊತ್ತಿಗೆ ಊರ ಗೌಡನ ಹಾಗೆ ಕೈಯಿಳಿಸುತ್ತಿದ್ದೆ. ಬೆನ್ನ ಹಿಂದೆ ಮೊರ ಗುಂಯ್ ಎಂದು ಶ್ರುತಿ ಹಿಡಿದಿತ್ತು.

ದಕ್ಷಿಣ ಕೆರೊಲಿನಾದೊಳಗೆ ಬಂದ ಮೇಲೆ ಒಂದು ಹಳೆಯ ಗ್ಯಾಸ್ ಸ್ಟೇಷನ್ ಮುಂದೆ ನಿಲ್ಲಿಸಿದೆ. ಹೊರಗೆ ದೊಡ್ಡ ಹಂಡೆಯಲ್ಲಿ ಕಡಲೆಕಾಯಿ ಬೇಯುತ್ತಿತ್ತು. ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ, ಬಸವನಗುಡಿಯಲ್ಲಿ ಕೊಡುವ ಹಾಗೆಯೇ! ಒಂದು ಲೋಟ ತೆಗೆದುಕೊಂಡು, ನನ್ನ ಚಿತ್ರಾನ್ನದ ಡಬ್ಬಿಯನ್ನೂ ಬಿಚ್ಚಿ, ಕಟ್ಟೆಯ ಮೇಲೆ ಕೂತು ರಾಣಿಯ ಹಾಗೆ ತಿಂದೆ. ಹೊರಡುವ ಮುನ್ನ, ಇರಲಿ, ಇನ್ನೊಂದಿಷ್ಟು ಬಿಗಿ ಮಾಡೋಣ ಎಂದು ಬಲೆಯ ಕೊಕ್ಕೆಗಳನ್ನು ಬಿಚ್ಚಿ ಮತ್ತೆ ಹಾಕತೊಡಗಿದೆ. ಬೇಸ್‌ಬಾಲ್ ಟೋಪಿಯ ಮುದುಕಪ್ಪ ಒಬ್ಬ ಬಂದು, ಅದೇನು, ವಾದ್ಯವೇ ಎಂದು ಕೇಳಿದ. ಹೌದು, ನಾಳೆ ಅಕ್ಕನ ಮನೆಯಲ್ಲಿ ಕಛೇರಿ ಎಂದೆ. ಅವನು ತನ್ನ ಬ್ಯಾಂಜೋ ಬಗ್ಗೆ ಹತ್ತು ನಿಮಿಷ ಹೇಳಿದ. ಮಾತಿನ ಭರದಲ್ಲಿ ಒಂದು ಕೊಕ್ಕೆ ಹಾಕುವುದು ಮರೆತುಹೋಯಿತು.

ಅಲ್ಲಿಂದ ಸ್ವಲ್ಪ ದೂರಕ್ಕೆ ನನ್ನ ಮರುಭೂಮಿ ಶುರುವಾಯಿತು. ರಸ್ತೆ ನೆಟ್ಟಗೆ, ಅಲೆಯಲೆಯಾಗಿ ಏರಿ ಇಳಿಯುತ್ತಿತ್ತು. ಎರಡೂ ಬದಿಗೆ ಬಿಳಿ ಮರಳು, ಅದರ ಮೇಲೆ ಕಂದು ಪೈನ್ ಎಲೆ, ಅಲ್ಲಲ್ಲಿ ಕಳ್ಳಿ. ಮುಂದೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ಒಂದು ಏರು ಹತ್ತಿದಾಗ ‘ಅಯ್ಯೋ, ನಾನೇ! ನಾನೇ ಇಲ್ಲಿ!’ ಎಂದು ಜೋರಾಗಿ ಕೂಗಿದೆ. ಕೂಗಿ, ಇಳಿಜಾರಿನಲ್ಲಿ ಒಂದಿಷ್ಟು ಹೆಚ್ಚೇ ವೇಗ ಕೊಟ್ಟೆ.

ಗುಂಯ್ ಎನ್ನುತ್ತಿದ್ದ ಶ್ರುತಿ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಮೇಲಿನ ಮೊರ ನಿಧಾನವಾಗಿ, ಯಾವ ಆತುರವೂ ಇಲ್ಲದೆ, ಆಕಾಶಕ್ಕೆ ಏರುತ್ತಿತ್ತು. ಅದರ ಹಿಂದೆ ಕೆಂಪು ರವಿಕೆ ಕಣ. ಅದರ ಹಿಂದೆ ತೊಗರಿಬೇಳೆಯ ಹಳದಿ ಮಳೆ. ತೆಂಗಿನಕಾಯಿ ಹೆದ್ದಾರಿಗೆ ಬಿದ್ದು, ಬಿಳಿ ಗೆರೆಯ ಗುಂಟ ಉರುಳುತ್ತ, ನನ್ನನ್ನೇ ಹಿಂಬಾಲಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿತ್ತು. ಅಳಬೇಕಾದ ಹೊತ್ತು. ನನಗೆ ನಗು ತಡೆಯಲಾಗಲಿಲ್ಲ.

ಬೈಕನ್ನು ರಸ್ತೆಯಂಚಿನ ಮರಳಿಗೆ ಇಳಿಸಿ, ಸೈಡ್ ಸ್ಟ್ಯಾಂಡ್ ಹಾಕಿ, ಮೊರದ ಹಿಂದೆ ಓಡಿದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ದೊಪ್ ಎಂದಿತು. ಸ್ಟ್ಯಾಂಡ್ ಮರಳಿನಲ್ಲಿ ಹುಗಿದು, ಬೈಕ್ ಮಧ್ಯಾಹ್ನದ ನಿದ್ದೆಗೆ ಒರಗಿದ ಹಾಗೆ ಮಲಗಿತ್ತು. ಸೀಟಿನ ಮೇಲೆ ಉಳಿದಿದ್ದ ಕೆಳಗಿನ ಮೊರವೂ ಮರಳಿಗೆ ಬೋರಲಾಗಿತ್ತು. ಒಡೆದ ಪೊಟ್ಟಣಗಳಿಂದ ಅಕ್ಕಿ, ಹೆಸರುಬೇಳೆ ಹರಡಿ ಮರಳಿನ ಜೊತೆ ನೆಂಟಸ್ತನ ಬೆಳೆಸಿದ್ದವು. ಮೊದಲು ಸಾಕ್ಸ್ ಬಿಚ್ಚಿ ಬಳೆ ಎಣಿಸಿದೆ. ಒಂದೂ ಒಡೆದಿರಲಿಲ್ಲ.

ನೂರೆಪ್ಪತ್ತು ಕೆಜಿಯ ಬೈಕನ್ನು ಎತ್ತುವುದು ಹೇಗೆಂದು ತರಗತಿಯಲ್ಲಿ ಕಲಿಸಿದ್ದರು. ಅದಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಕಾಲಿನ ಬಲದಿಂದ ಹಿಂದೆ ಹಿಂದೆ ಹೆಜ್ಜೆಯಿಡಬೇಕು. ಮೊದಲ ಸಲ ಬೈಕ್ ಅಲುಗಲಿಲ್ಲ, ನಾನು ಮರಳಲ್ಲಿ ಜಾರಿ ಕೂತೆ. ಎರಡನೆಯ ಸಲ ಅರ್ಧ ಎದ್ದು ಮತ್ತೆ ಮಲಗಿತು. ಮೂರನೆಯ ಸಲ ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ಸ್ಟ್ಯಾಂಡ್ ಊರುವ ಜಾಗದಲ್ಲಿ ಇಟ್ಟು, ನನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಮೈಸೂರಿನ ಶುದ್ಧ ಉಚ್ಚಾರಣೆಯಲ್ಲಿ ಅನ್ನುತ್ತ ಒದ್ದಾಡಿದೆ. ಎದ್ದು ನಿಂತಿತು! ಮುಚ್ಚಳದ ಮೇಲೆ ಸ್ಟ್ಯಾಂಡ್ ಊರಿ ಗಟ್ಟಿಯಾಗಿ ನಿಂತಿತು. ಸುತ್ತ ಒಂದು ನರಪಿಳ್ಳೆ ಇಲ್ಲದ ಆ ಮರಳುಗಾಡಿನಲ್ಲಿ ನಾನು ಹೆಲ್ಮೆಟ್ ಹಾಕಿಕೊಂಡೇ ಕುಣಿದೆ. ನಾಚಿಕೆ ಆಮೇಲೂ ಆಗಲಿಲ್ಲ.

ಆಮೇಲೆ ಹಾರಿಹೋಗಿದ್ದ ಮೊರ, ರವಿಕೆ ಕಣ ಹೆಕ್ಕಿ ತಂದು, ಕೂತು ಬಾಗಿನದ ಮುಖ ನೋಡಿದೆ. ನಗು ಇಳಿಯಿತು. ಹತ್ತು ಮೈಲಿ ಮುಂದೆ ಯಾವುದಾದರೂ ಅಂಗಡಿಯಲ್ಲಿ ಅಕ್ಕಿ ಸಿಗುತ್ತಿತ್ತು, ಹಳದಿ ಬಟಾಣಿಯೋ ಏನೋ ಬೇಳೆಯೂ ಸಿಗುತ್ತಿತ್ತು. ಆದರೆ ದಾರಿಯಲ್ಲಿ ಕೊಂಡದ್ದನ್ನು ಕೊಟ್ಟರೆ ಅದು ಅಕ್ಕ ಹೇಳಿದ ಹಾಗೆ ಗಿಫ್ಟೇ ಆಗಿಬಿಡುತ್ತದೆ ಎನಿಸಿತು. ಮನೆಯಲ್ಲಿ ದೇವರ ಮುಂದಿಟ್ಟು, ಅಪ್ಪನನ್ನು ನೆನೆದು ತುಂಬಿದ ಕಾಳು ಇದು. ಇದೇ ಅವಳ ಕೈ ಸೇರಬೇಕು. ಕೈಯಲ್ಲಿ ಎರಡು ಮೊರವಿದೆ, ಎದುರಿಗೆ ಮರಳು ಬೆರೆತ ಬೇಳೆಯಿದೆ. ಮೊರ ಇರುವುದಾದರೂ ಯಾಕೆ? ಬೊಗಸೆಯಲ್ಲಿ ಬಾಚಿ ಮೊರಕ್ಕೆ ಹಾಕಿಕೊಂಡು, ಯು.ಎಸ್. ಒನ್ ಹೆದ್ದಾರಿಯ ಪಕ್ಕದಲ್ಲಿ ಕಾಲು ಚಾಚಿ ಕೂತು ಕೇರತೊಡಗಿದೆ.

ಫೋನ್ ಬಂತು. ಗಂಡ. ‘ಚುಕ್ಕಿ ಅರ್ಧ ಗಂಟೆಯಿಂದ ಅಲ್ಲಾಡ್ತಿಲ್ಲ. ಏನ್ ಮಾಡ್ತಿದ್ದೀಯ?’

‘ಬೇಳೆ ಕೇರ್ತಾ ಇದ್ದೀನಿ ರೀ.’

‘ತಲೆಗೇನಾದ್ರೂ ಏಟು ಬಿತ್ತಾ?’ ಎಂದರು.

ಇಲ್ಲ ಎಂದು ಸಮಾಧಾನ ಹೇಳುತ್ತಿರುವಾಗಲೇ ಒಂದು ಹಳೆಯ ನೀಲಿ ಕಾರು ಬಂದು ನಿಂತಿತು. ಇಳಿದವರು ಎಪ್ಪತ್ತರ ಆಸುಪಾಸಿನ, ಎತ್ತರದ ಕಪ್ಪು ಹೆಂಗಸು. ಚರ್ಚಿಗೆ ಹೊರಟ ಹಾಗಿದ್ದ ನೇರಳೆ ಉಡುಪು, ಕೈಯಲ್ಲಿ ನಮ್ಮ ತೆಂಗಿನಕಾಯಿ. ‘ಹನೀ, ಇದು ನಿನ್ನದಾ? ಗುಡ್ಡದ ಕೆಳಗೆ ಸಿಕ್ಕಿತು,’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಮೊರದ ಮೇಲೆ ಬಿತ್ತು. ತೆಂಗಿನಕಾಯಿಯನ್ನು ಬೈಕಿನ ಸೀಟಿನ ಮೇಲಿಟ್ಟು ಹತ್ತಿರ ಬಂದರು.

‘ಫ್ಯಾನರ್!’ ಎಂದರು. ‘ನನ್ನ ಅಜ್ಜಿಯ ಹತ್ತಿರ ಇತ್ತು. ಅವರದು ಗುಂಡಗೆ, ಹುಲ್ಲಿನಲ್ಲಿ ಹೆಣೆದದ್ದು. ಸಮುದ್ರದ ಕಡೆ ಭತ್ತದ ಗದ್ದೆಯಿದ್ದ ಊರು ನಮ್ಮದು. ನಿನಗೆ ಇದು ಎಲ್ಲಿ ಸಿಕ್ಕಿತು?’

ನಾನು ಮೈಸೂರು ಎಂದೆ. ಅವರು ತಲೆಯಾಡಿಸಿ, ನಾನು ಕೇರುವುದನ್ನು ಒಂದು ನಿಮಿಷ ನೋಡಿದರು. ಮುಖ ಸಪ್ಪಗಾಯಿತು.

‘ಬೇಸರ ಮಾಡಿಕೊಳ್ಳಬೇಡ. ಆದರೆ ನಿನಗೆ ಇದು ಬರುವುದಿಲ್ಲ.’

ನಿಜ. ನಲವತ್ತಾರು ವರ್ಷದಲ್ಲಿ ನಾನು ಮೊರ ಹಿಡಿದದ್ದು ಬಾಗಿನ ಕೊಡುವಾಗ, ತೆಗೆದುಕೊಳ್ಳುವಾಗ ಮಾತ್ರ. ಅಮ್ಮ ಕೇರುತ್ತಿದ್ದಳು, ಅಕ್ಕನಿಗೂ ಬರುತ್ತದೆ. ಕೇರುವುದು ಬರದೆಯೇ ನಾನು ದೊಡ್ಡವಳಾಗಿದ್ದೆ. ಅವರು ನೇರಳೆ ಉಡುಪನ್ನು ಎತ್ತಿ ಕಟ್ಟಿ, ಕಾರಿನ ಬಾನೆಟ್ಟಿಗೆ ಒರಗಿ, ಮೊರ ಇಸಿದುಕೊಂಡರು. ಮಣಿಕಟ್ಟಿನಲ್ಲಿ ಒಂದು ಸಣ್ಣ ಕುಲುಕು, ಅಂಚಿಗೆ ಎರಡು ತಟ್ಟು. ಬೇಳೆ ಮೇಲೆ ಹಾರಿ ಹಿಂದಕ್ಕೆ ಸರಿಯಿತು, ನುಣ್ಣನೆಯ ಮರಳು ಹೊಸ ಬಿದಿರಿನ ಸಂದುಗಳಿಂದ ಕೆಳಗಿಳಿಯಿತು. ಅವರ ತುಟಿಯಲ್ಲಿ ಯಾವುದೋ ರಾಗ ಬಂತು. ಅವರಿಗೂ ಕೈ ನೆನಪಿಟ್ಟುಕೊಂಡಿದೆಯೆಂದು ಆಶ್ಚರ್ಯವಾದ ಹಾಗಿತ್ತು. ‘ನೋಡಿದೆಯಾ? ತೋಳಲ್ಲ, ಮಣಿಕಟ್ಟು!’ ಎಂದು ನಕ್ಕರು. ನಾನು ಇನ್ನೊಂದು ಮೊರ ಹಿಡಿದು ಅವರನ್ನು ನೋಡಿ ನೋಡಿ ಕುಲುಕಿದೆ. ಮೂರು ಸಲ ಅರ್ಧ ಬೇಳೆಯನ್ನು ನನ್ನ ಬೂಟಿನ ಮೇಲೇ ಚೆಲ್ಲಿಕೊಂಡೆ. ಒಬ್ಬ ಲಾರಿಯವನು ನಮ್ಮಿಬ್ಬರನ್ನು ನೋಡಿ ಉದ್ದಕ್ಕೆ ಹಾರನ್ ಹೊಡೆದು ಹೋದ. ಇಬ್ಬರೂ ಮೊರ ಎತ್ತಿ ತೋರಿಸಿದೆವು.

ಕೇರುತ್ತ ಕೇರುತ್ತ ಇದು ಯಾರಿಗೆ, ಏಕೆ ಎಂದು ಕೇಳಿದರು. ಹೇಳಿದೆ. ವರ್ಷಕ್ಕೊಮ್ಮೆ ತಂದೆಯ ಮನೆಯಿಂದ ಮಗಳಿಗೆ ಹೋಗಬೇಕು, ತಂದೆ ಈಗಿಲ್ಲ, ಅಕ್ಕ ಆ ಮನೆಯೇ ಮುಗಿಯಿತು ಎನ್ನುತ್ತಾಳೆ, ನಾನಿದ್ದೇನಲ್ಲ ಎಂದು ಹೇಳಲು ಹೊರಟಿದ್ದೇನೆ ಎಂದೆ. ಅವರು ಕೈ ನಿಲ್ಲಿಸಲಿಲ್ಲ.

‘ಅವಳು ತೆಗೆದುಕೊಳ್ಳದಿದ್ದರೆ?’

‘ಗೊತ್ತಿಲ್ಲ.’

‘ತೆಗೆದುಕೊಳ್ಳದಿದ್ದರೆ ಬರುವಾಗ ಈ ಫ್ಯಾನರ್‌ಗಳನ್ನು ನನಗೆ ಕೊಟ್ಟುಹೋಗು,’ ಎಂದರು. ‘ನಾನು ತೆಗೆದುಕೊಳ್ಳುತ್ತೇನೆ.’

ನಾನು ಚೀಲದಿಂದ ಆರು ಹಸಿರು ಬಳೆ ತೆಗೆದು ಕೊಟ್ಟೆ. ಅವರ ಕೈ ದೊಡ್ಡದು, ಬಳೆ ಏರಲಿಲ್ಲ. ಕಾರಿನ ಕನ್ನಡಿಗೆ ನೇತುಹಾಕಿಕೊಂಡು ಹೋದರು. ಹೋಗುವ ಮೊದಲು ಮೊರ ಎರಡನ್ನೂ ಅವರೇ ಕಟ್ಟಿದರು, ಬಾಯಿಯನ್ನು ಹಿಂದಕ್ಕೆ ಮಾಡಿ. ನಾನು ಎದುರಾಡಲಿಲ್ಲ.

ಆ ಸಂಜೆ ಏಕನ್ ಎಂಬ ಊರಿನ ಮೋಟೆಲಿನಲ್ಲಿ ತಂಗಿದೆ. ಬೆಳಗ್ಗೆ ನದಿ ದಾಟಿ ಜಾರ್ಜಿಯಾ ಸೇರಿ, ಯು.ಎಸ್. ಒನ್ ಬಿಟ್ಟು ಇನ್ನೊಂದು ಹಳೆಯ ಹೆದ್ದಾರಿ ಹಿಡಿದೆ. ಮರಳು ಹೋಗಿ ಕೆಂಪು ಮಣ್ಣು ಬಂತು. ಉತ್ಸಾಹಕ್ಕೇನೂ ಕಡಿಮೆಯಿರಲಿಲ್ಲ, ಆದರೆ ಲಾರೆನ್ಸ್‌ವಿಲ್ ಹತ್ತಿರವಾದಂತೆ ಹಾಡು ನಿಂತುಹೋಯಿತು. ಅಕ್ಕ ಹಟಮಾರಿ. ನಾನೂ ಹಟಮಾರಿ. ಅವಳು ಎಲ್ಲರೆದುರು ಬೇಡ ಎಂದರೆ ನಾನೇನು ಮಾಡಬೇಕು ಎಂದು ಯೋಚಿಸಿಯೇ ಇರಲಿಲ್ಲ.

ಅಕ್ಕನ ಮನೆಯ ಮುಂದೆ ಆರೇಳು ಕಾರು ನಿಂತಿದ್ದವು. ಬೈಕಿನ ಸದ್ದಿಗೆ ಬಾಗಿಲು ತೆಗೆದ ರೇಷ್ಮೆ ಸೀರೆಯ ಆಂಟಿಯೊಬ್ಬರು ನನ್ನ ಹೆಲ್ಮೆಟ್, ಜಾಕೆಟ್, ಕೈಯಲ್ಲಿದ್ದ ಗಂಟು ನೋಡಿ ಒಳಗೆ ತಿರುಗಿ ಕೂಗಿದರು. ‘ಯಾರೋ ಫುಡ್ ಡೆಲಿವರಿ ಬಂದಿದಾರೆ ನೋಡಿ!’

ಅಕ್ಕ ಬಂದಳು. ಹೆಲ್ಮೆಟ್ ತೆಗೆದೆ. ನನ್ನನ್ನು ನೋಡಿದಳು, ಬೈಕನ್ನು ನೋಡಿದಳು, ಮೊರ ನೋಡಿದಳು. ಬೂಟು ಕಳಚಿ, ಕಾಲಿನಲ್ಲಿ ಎರಡು ದಿನದ ಸಾಕ್ಸ್, ಮೈಮೇಲೆ ಅದೇ ಜಾಕೆಟ್ ಇಟ್ಟುಕೊಂಡು ಒಳಗೆ ಹೋಗಿ ನಿಂತೆ. ಪೂಜೆ ಆಗಿತ್ತು. ಹೆಂಗಸರೆಲ್ಲ ಸುತ್ತ ನೆರೆದರು. ನಾನು ಮೊರದ ದಾರ ಬಿಚ್ಚಿ, ಉಳಿದ ಬಳೆಗಳನ್ನು ಒಳಗಿಟ್ಟೆ.

ಅಕ್ಕ ಬೇಳೆಯಲ್ಲಿ ಬೆರಳಾಡಿಸಿದಳು. ‘ಇದರಲ್ಲಿ ಮರಳಿದೆ.’

‘ಇದೆ.’

‘ಸರಿಯಾಗಿ ಕೇರಿಲ್ಲ ನೀನು.’

‘ಈಗಷ್ಟೇ ಕಲಿತೆ ಅಕ್ಕ. ದಾರೀಲಿ ಬಿದ್ದುಹೋಯ್ತು.’ ಆಮೇಲೆ, ಹೇಳಬೇಕೆಂದು ಎರಡು ದಿನ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತು, ‘ತೊಗೋ ಅಕ್ಕ, ಇಲ್ಲ ಅಂದ್ರೆ ನಂಗೂ ಯಾರೂ ಇಲ್ಲ,’ ಎಂದುಬಿಟ್ಟೆ.

ಬಾಗಿಲು ತೆಗೆದಿದ್ದ ಆಂಟಿ ಮೆಲ್ಲಗೆ ನನ್ನ ತೋಳು ಮುಟ್ಟಿದರು. ‘ಮೊದಲು ಒಂದು ಸೀರೆ ಉಟ್ಕೊಂಡು ಬಾಮ್ಮ. ಬಾಗಿನ ಸೆರಗು ಮುಚ್ಚಿ ಕೊಡ್ಬೇಕಲ್ವಾ?’ ಅವರು ಹೇಳಿದ್ದು ಸರಿ. 

ಮುತ್ತೈದೆಯರು ಮೊರವನ್ನು ಬರಿಗೈಯಲ್ಲಿ ಕೊಡುವುದಿಲ್ಲ, ಕೊಡುವವಳೂ ತೆಗೆದುಕೊಳ್ಳುವವಳೂ ಸೆರಗು ಹಿಡಿಯಬೇಕು. ಸೀರೆ ಬೈಕಿನ ಚೀಲದಲ್ಲಿತ್ತು. ತರಲೆಂದು ತಿರುಗಿದೆ.

‘ಎಲ್ಲಿಗೆ?’ ಎಂದಳು ಅಕ್ಕ.

‘ಸೀರೆ...’

‘ತವರಿನವರಿಗೆ ಯಾಕೆ ಸೀರೆ? ಅಪ್ಪಂಗೆ ಸೆರಗಿತ್ತಾ?’

ನಾನು ಅಲ್ಲೇ ನಿಂತೆ. ಅವಳು ತನ್ನ ಸೆರಗನ್ನು ಎರಡೂ ಕೈಮೇಲೆ ಹರಡಿ ಮುಂದೆ ಒಡ್ಡಿದಳು. ನಾನು ಮೊರ ಇಟ್ಟೆ. ಅವಳು ಅದನ್ನು ಎದೆಗೊತ್ತಿಕೊಂಡಳು, ಒಂದಿಷ್ಟು ಮರಳು ಅವಳ ಹಸಿರು ರೇಷ್ಮೆಯ ಮೇಲೆ ಉದುರಿತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದು ಮೂಗು ಸೋರತೊಡಗಿತು.

‘ಅಪ್ಪ ಆಗಿದ್ರೆ ಕಾಲಿಗೆ ಬೀಳ್ತಿದ್ದೆ,’ ಎಂದಳು, ಕಣ್ಣು ಒರೆಸಿಕೊಳ್ಳಲು ಕೈ ಖಾಲಿಯಿಲ್ಲದೆ. ‘ನಿನ್ನ ಈ ಗಬ್ಬು ಸಾಕ್ಸಿಗೆ ಬೀಳಲ್ಲ, ತಿಳೀತಾ? ಮುಂದಿನ ವರ್ಷ ಒಗೆದಿರೋದು ಹಾಕ್ಕೊಂಡು ಬಾ.’